62ಕ್ಕೆ ಮತ್ತೆ ಯೆಜ್ಡಿ ಹತ್ತಬೇಕು ಅಂತಿದ್ದೇನೆ, ಎಲ್ಲರೂ ಬೇಡ ಅನ್ನುತ್ತಿದ್ದಾರೆ

ಗಣಿತದ ಮೇಷ್ಟ್ರು, ಮೈಸೂರು

ಎಲ್ಲರಿಗೂ ನಮಸ್ಕಾರ. ನನಗೆ ಈಗ 62 ವರ್ಷ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದೆ, ರಿಟೈರ್ ಆಗಿ ಎರಡು ವರ್ಷ ಆಯಿತು. ನಾಲ್ಕು ತಿಂಗಳಿಂದ ಒಂದೇ ವಿಷಯ ತಲೆಯಲ್ಲಿ ಸುತ್ತುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಮನೆ ಹಿಂದಿನ ಶೆಡ್ಡಿನಲ್ಲಿ ನನ್ನ ಯೆಜ್ಡಿ ರೋಡ್‌ಕಿಂಗ್ ಬೈಕ್ ಇದೆ. 1990ರಲ್ಲಿ ತಗೊಂಡಿದ್ದು, ನಮ್ಮ ಯಾದವಗಿರಿ ಫ್ಯಾಕ್ಟರಿಯ ಗಾಡಿ. ನಂಜನಗೂಡಿನ ಆಚೆ ಒಂದು ಹಳ್ಳಿ ಶಾಲೆಗೆ ಹದಿನಾರು ವರ್ಷ ಅದರಲ್ಲೇ ಹೋಗಿ ಬಂದಿದ್ದೇನೆ. 2006ರಲ್ಲಿ ಮೈಸೂರಿಗೆ ವರ್ಗ ಆಯಿತು, ಆಮೇಲೆ ಸ್ಕೂಟರ್, ಆಮೇಲೆ ಕಾರು. ಗಾಡಿ ಮಾರೋಕೆ ಮನಸ್ಸು ಬರಲಿಲ್ಲ. ಗೋಣಿಚೀಲ ಹೊದಿಸಿ ನಿಲ್ಲಿಸಿಬಿಟ್ಟೆ. ಈ ಯುಗಾದಿಗೆ ಶೆಡ್ಡು ಗುಡಿಸುವಾಗ ಚೀಲ ತೆಗೆದೆ. ಟ್ಯಾಂಕಿನ ಮೇಲೆ ಬೆರಳಲ್ಲಿ ಒರೆಸಿದರೆ ಧೂಳಿನ ಕೆಳಗೆ ಆ ಕೆಂಪು ಬಣ್ಣ ಹಾಗೇ ಇತ್ತು. ಸೀಟಿನ ಒಂದು ಮೂಲೆಯನ್ನು ಇಲಿ ಕಡಿದಿತ್ತು. ಬಗ್ಗಿ ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದೆ, ಕಿಕ್ಕರ್ ಆಗಿ ನಿಂತಿತು. (ಗೊತ್ತಿಲ್ಲದವರಿಗೆ ಹೇಳುತ್ತೇನೆ, ಈ ಗಾಡಿಯಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್, ಅದು ಎಡಗಡೆ.) ಹತ್ತೊಂಬತ್ತು ವರ್ಷ ಆಗಿತ್ತು, ಕೈ ಮರೆತಿರಲಿಲ್ಲ.

ಅವತ್ತಿಂದ ಇದನ್ನು ರಿಪೇರಿ ಮಾಡಿಸಿ ಓಡಿಸಬೇಕು ಅಂತ ಆಸೆ. ಊರೊಳಗೆ ಸುತ್ತೋಕಲ್ಲ. ಬೆಳಗ್ಗೆ ಆರಕ್ಕೆ ಹೊರಟು ಗುಂಡ್ಲುಪೇಟೆ ತನಕ ಹೋಗಿ ಬರಬೇಕು, ಈಗ ಆ ಕಡೆ ಸೂರ್ಯಕಾಂತಿ ಹೂ ಬಿಟ್ಟಿರುತ್ತದೆ.

ಮಗ ಬೆಂಗಳೂರಿನಲ್ಲಿದ್ದಾನೆ. "ಕಾರಿದೆಯಲ್ಲ ಅಪ್ಪ, ಎಸಿ ಹಾಕ್ಕೊಂಡು ಆರಾಮಾಗಿ ಹೋಗಿ" ಅಂದ. ತಂಗಿ "ಮೊಮ್ಮಗಳನ್ನ ಆಡಿಸ್ಕೊಂಡು ಇರೋದು ಬಿಟ್ಟು ಇದೇನಣ್ಣ" ಅಂದಳು. ಎದುರುಮನೆಯವರು ವಾಕಿಂಗಿನಲ್ಲಿ ಸಿಕ್ಕಾಗಲೆಲ್ಲ "ಈ ವಯಸ್ಸಲ್ಲಿ ಸೊಂಟ ಮುರಿದ್ರೆ ಕೂಡಲ್ಲ ಮೇಷ್ಟ್ರೇ" ಅನ್ನುತ್ತಾರೆ. ಹಳೇ ಸಹೋದ್ಯೋಗಿಯೊಬ್ಬರು ಮದುವೆಮನೆಯ ಪಂಕ್ತಿಯಲ್ಲಿ, ಹತ್ತು ಜನರ ಎದುರು, "ಮೇಷ್ಟ್ರಿಗೆ ಈಗ ಹರೆಯ ಬಂದಿದೆ" ಅಂದರು. ಎಲ್ಲರೂ ನಕ್ಕರು. ನನಗೆ ಊಟ ಸೇರಲಿಲ್ಲ.

ಹೆಂಡತಿ ಮಾತ್ರ ಏನೂ ಹೇಳಿಲ್ಲ. ಬೇಡ ಅಂತಲೂ ಇಲ್ಲ, ಸರಿ ಅಂತಲೂ ಇಲ್ಲ. ಗಾಡಿ ಮಾತು ತೆಗೆದರೆ ಎದ್ದು ಒಳಗೆ ಹೋಗುತ್ತಾಳೆ.

ಆರೋಗ್ಯದ್ದು ಮುಚ್ಚಿಡುವುದಿಲ್ಲ. ಬಿಪಿಗೆ, ಶುಗರಿಗೆ ಮಾತ್ರೆ ಇದೆ, ಎರಡೂ ಹತೋಟಿಯಲ್ಲಿವೆ. ಎಡ ಮಂಡಿ ನೋವು, ಮೆಟ್ಟಿಲು ಇಳಿಯುವಾಗ ಜಾಸ್ತಿ. ಬಲಗಣ್ಣಿಗೆ ಪೊರೆ ಬರುತ್ತಿದೆ ಅಂತ ಡಾಕ್ಟರು ಹೇಳಿದ್ದಾರೆ, ಆಪರೇಷನ್ ಇನ್ನೂ ಆಗಿಲ್ಲ. ಈ ವಯಸ್ಸಿನಲ್ಲಿ ಓಡಿಸುತ್ತಿರುವವರು ಯಾರಾದರೂ ಇದ್ದರೆ ಹೇಳಿ. ಬೇಡ ಅನ್ನುವವರೂ ಯಾಕೆ ಅಂತ ಬಿಡಿಸಿ ಹೇಳಿ, ಕೇಳುತ್ತೇನೆ. "ವಯಸ್ಸಾಯ್ತು" ಅಂತ ಅಷ್ಟೇ ಹೇಳಬೇಡಿ, ಅದು ನನಗೂ ಗೊತ್ತು.

ಎಸ್ಟೇಟ್ ರೈಟರ್, ಮೂಡಿಗೆರೆ

ಮೇಷ್ಟ್ರೇ, ನನಗೆ 67. ಕಾಫಿ ಎಸ್ಟೇಟಿನಲ್ಲಿ ಮೂವತ್ತು ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದೆ, ಈಗ ಸ್ವಂತದ್ದು ಎರಡು ಎಕರೆ ನೋಡಿಕೊಂಡು ಇದ್ದೇನೆ. ಬೈಕು ಇವತ್ತಿಗೂ ಬಿಟ್ಟಿಲ್ಲ.

ಮೊದಲು ಜನರ ಮಾತಿನ ವಿಷಯ. ನಮ್ಮೂರಲ್ಲಿ ಎಪ್ಪತ್ತು ದಾಟಿದ ಒಬ್ಬರು ದಿನಾ ಬೆಳಗ್ಗೆ ಟಿವಿಎಸ್ ಎಕ್ಸೆಲ್‌ಗೆ ಎರಡು ಹಾಲಿನ ಕ್ಯಾನ್ ಕಟ್ಟಿಕೊಂಡು ಡೈರಿಗೆ ಹೋಗುತ್ತಾರೆ. ಮಳೆಯಿರಲಿ, ಮಂಜಿರಲಿ, ರಸ್ತೆ ತುಂಬ ಗುಂಡಿ ಇರಲಿ. ಅವರನ್ನು ಯಾರೂ ತಡೆದು "ಈ ವಯಸ್ಸಲ್ಲಿ ಇದೆಲ್ಲ ಬೇಕಾ" ಅಂತ ಕೇಳಿದ್ದು ನಾನು ನೋಡಿಲ್ಲ. ಗೊಬ್ಬರದ ಮೂಟೆ ಹೇರಿಕೊಂಡು ಹೋಗುವವರನ್ನೂ ಕೇಳಲ್ಲ. ನಾನು ಭಾನುವಾರ ಬೆಳಗ್ಗೆ ಹೆಲ್ಮೆಟ್ ಹಾಕಿ, ಸುಮ್ನೆ ಒಂದು ಸುತ್ತು ಹೋಗಿ ಬರುತ್ತೇನೆ ಅಂದರೆ ಸಾಕು, ಇಡೀ ಬೀದಿಗೆ ನನ್ನ ವಯಸ್ಸು ನೆನಪಾಗುತ್ತದೆ. ಅಂದರೆ ಅವರಿಗೆ ಬೇಜಾರು ನಾವು ಬೀಳುತ್ತೇವೆ ಅಂತ ಅಲ್ಲ. ಕೆಲಸ ಇಲ್ಲದೆ, ಖುಷಿಗೆ ಅಂತ ಹೋಗುತ್ತೇವಲ್ಲ, ಅದು ಕಣ್ಣಿಗೆ ಬೀಳುತ್ತದೆ. ಇದು ಅರ್ಥ ಆದ ಮೇಲೆ ನನಗೆ ಆ ಮಾತು ಚುಚ್ಚುವುದು ನಿಂತಿತು. ಮದುವೆಮನೆಯಲ್ಲಿ ನಕ್ಕವರ ವಿಷಯ ಬಿಟ್ಟುಬಿಡಿ ಮೇಷ್ಟ್ರೇ.

ಇನ್ನು ಬೀಳುವ ವಿಷಯ. ನಾನು ಬಿದ್ದಿದ್ದೇನೆ. 64ರಲ್ಲಿ. ಎಲ್ಲರೂ ಅಂದುಕೊಳ್ಳುವ ಹಾಗೆ ಘಾಟಿಯಲ್ಲಿ, ತಿರುವಿನಲ್ಲಿ ಬಿದ್ದಿದ್ದಲ್ಲ. ಅಂಗಡಿ ಮುಂದೆ ನಿಲ್ಲಿಸುವಾಗ! ಆಗಸ್ಟ್ ತಿಂಗಳು, ಇಳಿಜಾರು ಜಾಗ, ಗಾಡಿ ಪೂರ್ತಿ ನಿಂತಿತ್ತು. ಎಡಗಾಲು ಇಟ್ಟ ಕಡೆ ಪಾಚಿ ಕಟ್ಟಿತ್ತು. ಕಾಲು ಜಾರಿತು, 190 ಕೆಜಿ ಮೇಲಿದ್ದ ಬುಲೆಟ್ಟು ಮೆಲ್ಲಗೆ ವಾಲಿಕೊಂಡು ಬಂತು. ನಲವತ್ತರಲ್ಲಿ ಆಗಿದ್ದರೆ ತೊಡೆ ಕೊಟ್ಟು ತಡೆಯುತ್ತಿದ್ದೆ. ಈಗ ತಡೆಯೋಕೆ ಹೋಗಿ ಮಣಿಕಟ್ಟು ಬಿರುಕು ಬಿಟ್ಟಿತು. ಆರು ವಾರ ಬ್ಯಾಂಡೇಜು. ಮನೆಗೆ ಬಂದವರೆಲ್ಲ ಕಾಫಿ ಕುಡಿದು "ನಾವು ಆಗಲೇ ಹೇಳಿರಲಿಲ್ವಾ" ಅಂದು ಹೋದರು.

ಬ್ಯಾಂಡೇಜು ಬಿಚ್ಚಿದ ಮೇಲೆ ಬುಲೆಟ್ಟು ಕೊಟ್ಟುಬಿಟ್ಟೆ. ದುಃಖ ಆಯಿತು, ಸುಳ್ಳು ಹೇಳಲ್ಲ. ಈಗ ಇರುವುದು 160 ಸಿಸಿ ಗಾಡಿ, ಜೋರಾಗಿ ಬ್ರೇಕ್ ಹಿಡಿದರೂ ಚಕ್ರ ಲಾಕ್ ಆಗದ ಹಾಗೆ ಎಬಿಎಸ್ ಇದೆ, ಎರಡೂ ಪಾದ ಪೂರ್ತಿ ನೆಲಕ್ಕೆ ಊರುತ್ತವೆ. ನಮ್ಮ ವಯಸ್ಸಿಗೆ ಇದೇ ಮುಖ್ಯ. ಓಡುವಾಗ ಗಾಡಿ ತಾನೇ ನೆಟ್ಟಗೆ ಹೋಗುತ್ತದೆ. ನಿಲ್ಲಿಸುವಾಗ, ತಿರುಗಿಸುವಾಗ, ಹಿಂದಕ್ಕೆ ತಳ್ಳುವಾಗಲೇ ಮೋಸ ಆಗುವುದು. ನಿಲ್ಲಿಸುವ ಮುಂಚೆ ಕಾಲಿಡುವ ಜಾಗ ನೋಡುವುದು ಈಗ ನನಗೆ ಅಭ್ಯಾಸ ಆಗಿದೆ.

ಬೆಳಗ್ಗೆ ಆರರ ಮೇಲೆ ಹೊರಡುತ್ತೇನೆ, ಸಂಜೆ ನಾಲ್ಕಕ್ಕೆ ಮನೆ. ಕತ್ತಲಲ್ಲಿ ಓಡಿಸಲ್ಲ. ಜೂನಿಂದ ಸೆಪ್ಟೆಂಬರ್ ತನಕ ಚಾರ್ಮಾಡಿ ಘಾಟಿ ಇಳಿಯಲ್ಲ, ಆ ಮಂಜಿನಲ್ಲಿ ಎದುರಿಗೆ ಬರುವ ಲಾರಿ ಹತ್ತಡಿ ಹತ್ತಿರ ಬಂದ ಮೇಲೆ ಕಾಣುತ್ತದೆ. ಕೊಟ್ಟಿಗೆಹಾರದ ತನಕ ಹೋಗಿ ಬಿಸಿ ನೀರುದೋಸೆ ತಿಂದು ವಾಪಸ್. ಮಳೆ ನಿಂತ ಮೇಲೆ, ನವೆಂಬರಿನಲ್ಲಿ, ಕೆಳಗಿಳಿದು ಧರ್ಮಸ್ಥಳಕ್ಕೆ ಹೋಗಿ ಬರುತ್ತೇನೆ. ಗಾಳಿಯಲ್ಲಿ ಕಾಫಿ ಹಣ್ಣಿನ ವಾಸನೆ ಇರುತ್ತದೆ ಆಗ. ಕಾರಿನ ಗಾಜು ಏರಿಸಿಕೊಂಡು ಹೋದವರಿಗೆ ಅದು ಎಲ್ಲಿ ಸಿಗುತ್ತದೆ ಹೇಳಿ.

ದಾವಣಗೆರೆ ಬೆಣ್ಣೆ

ಬೇಡ ಸರ್. ನೀವು ಕಾರಣ ಕೇಳಿದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಮಾವನವರು 66ರಲ್ಲಿ ಸಂಜೆ ಏಳೂವರೆಗೆ ಹೊಲದಿಂದ ಬರುವಾಗ ಹಂಪ್ ಕಾಣದೆ ಹಾರಿ ಬಿದ್ದರು. ಬಣ್ಣ ಇಲ್ಲ, ಬೋರ್ಡಿಲ್ಲ, ಲೈಟಿಲ್ಲ. ಹೆಲ್ಮೆಟ್ ಇತ್ತು, ಜೀವ ಉಳಿಯಿತು, ಸೊಂಟದ ಮೂಳೆ ಹೋಯಿತು. ಎರಡು ವರ್ಷ ಹಾಸಿಗೆ. ಅವರನ್ನು ಎತ್ತಿ ಕೂರಿಸಿದ್ದು, ಬೆಡ್‌ಪ್ಯಾನ್ ಇಟ್ಟಿದ್ದು ನಮ್ಮ ಅತ್ತೆ ಮತ್ತು ನನ್ನ ಹೆಂಡತಿ. ಓಡಿಸುವವರು ತಮ್ಮ ಧೈರ್ಯದ ಬಗ್ಗೆ ಮಾತಾಡುತ್ತಾರೆ, ಆಮೇಲೆ ನೋಡಿಕೊಳ್ಳುವವರ ಲೆಕ್ಕ ಯಾರೂ ಹಾಕಲ್ಲ. ನಿಮ್ಮ ಮೇಲೆ ಕೋಪ ಇಲ್ಲ. ಆದರೆ ಇದನ್ನು ಓದಿದ ಮೇಲೆ ತೀರ್ಮಾನ ಮಾಡಿ.

ಗಣಿತದ ಮೇಷ್ಟ್ರು, ಮೈಸೂರು

ದಾವಣಗೆರೆಯವರೇ, ಕಷ್ಟ ಆದರೂ ಬರೆದಿರಿ, ಧನ್ಯವಾದ. ಎರಡು ಸಲ ಓದಿದೆ. ನೋಡಿಕೊಳ್ಳುವವರ ಲೆಕ್ಕ ನಾನೂ ಹಾಕಿರಲಿಲ್ಲ, ಅದು ನಿಜ. ರೈಟರ್ ಸರ್, ಹಾಲಿನ ಕ್ಯಾನಿನ ಮಾತು ಹೆಂಡತಿಗೆ ಓದಿ ಹೇಳಿದೆ. ಆಗಲೂ ಏನೂ ಅನ್ನಲಿಲ್ಲ.

ಫಿಸಿಯೋ, ಹುಬ್ಬಳ್ಳಿ

ಸರ್, ನಾನು ಫಿಸಿಯೋಥೆರಪಿಸ್ಟ್. ದಿನಾ ನಿಮ್ಮ ವಯಸ್ಸಿನವರ ಮಂಡಿ, ಬೆನ್ನು ನೋಡುವುದೇ ಕೆಲಸ. ಓಡಿಸಬೇಕೋ ಬೇಡವೋ ಅಂತ ನೆಂಟರನ್ನು ಕೇಳುವ ಬದಲು ಮೈಯನ್ನೇ ಕೇಳಿ ಅಂತ ನನ್ನ ಸಲಹೆ. ಕೆಲವನ್ನು ಮನೆಯಲ್ಲೇ ನೋಡಿಕೊಳ್ಳಬಹುದು.

ಗೋಡೆ ಹತ್ತಿರ ನಿಂತು, ಹಿಡಿದುಕೊಳ್ಳದೆ, ಒಂದೊಂದೇ ಕಾಲಲ್ಲಿ ಹತ್ತು ಸೆಕೆಂಡ್ ನಿಲ್ಲಿ. ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕೂತು ನೋಡಿ. ಎರಡೂ ಆಗದಿದ್ದರೆ ಮೊದಲು ಮೂರು ತಿಂಗಳು ತೊಡೆಗೆ ವ್ಯಾಯಾಮ, ಆಮೇಲೆ ಗಾಡಿ ಮಾತು. ಮೆಟ್ಟಿಲು ಇಳಿಯುವಾಗ ನೋವು ಅಂದಿದ್ದೀರಿ. ಅದಕ್ಕೆ ತೊಡೆಯ ಮುಂದಿನ ಸ್ನಾಯು ಗಟ್ಟಿಯಾದಷ್ಟೂ ಮಂಡಿಗೆ ಹಗುರ. ಕುತ್ತಿಗೆ ಎರಡೂ ಕಡೆ ಹೆಗಲ ತನಕ ತಿರುಗುತ್ತದಾ ನೋಡಿ. ಕನ್ನಡಿಯಲ್ಲಿ ಕಾಣದ ಗಾಡಿ ಯಾವಾಗಲೂ ಹೆಗಲ ಪಕ್ಕದಲ್ಲೇ ಇರುತ್ತದೆ.

ಶುಗರ್ ಇರುವವರು ಒಂದು ಮಾತು ಗಮನಿಸಿ. ಹಳೇ ಶುಗರಿನಲ್ಲಿ ಅಂಗಾಲು ಜೋಮು ಹಿಡಿಯುತ್ತದೆ, ಬ್ರೇಕ್ ಪೆಡಲ್ ಎಷ್ಟು ಒತ್ತಿದೆವು ಅಂತ ಗೊತ್ತಾಗಲ್ಲ. ಡಾಕ್ಟರ ಹತ್ತಿರ ಪಾದ ಒಂದು ಸಲ ಪರೀಕ್ಷೆ ಮಾಡಿಸಿಕೊಳ್ಳಿ. ಮಾತ್ರೆ ತಗೊಂಡು ತಿಂಡಿ ತಿನ್ನದೆ ಹೊರಡಬೇಡಿ, ಶುಗರ್ ಇಳಿದರೆ ಮೊದಲು ಗಮನ ಹೋಗುತ್ತದೆ. ಜೇಬಿನಲ್ಲಿ ಗ್ಲೂಕೋಸ್ ಇರಲಿ. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಬಿದ್ದು ತಲೆಗೆ ಪೆಟ್ಟಾದರೆ, ಏನೂ ಆಗಿಲ್ಲ ಅನ್ನಿಸಿದರೂ, ನೇರ ಆಸ್ಪತ್ರೆಗೆ ಹೋಗಬೇಕು.

ಕಣ್ಣಿನ ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಪೊರೆ ಇರುವ ಕಣ್ಣಿಗೆ ರಾತ್ರಿ ಎದುರಿನ ಹೆಡ್‌ಲೈಟ್ ಒಡೆದ ಗಾಜಿನ ಹಾಗೆ ಹರಡುತ್ತದೆ. ಆಪರೇಷನ್ ಮುಗಿಸಿ, ಡಾಕ್ಟರು ಸರಿ ಅಂದ ಮೇಲೆ ಹತ್ತಿ. ಇನ್ನೊಂದು, ಓದುವುದಕ್ಕೂ ದೂರಕ್ಕೂ ಒಂದೇ ಕನ್ನಡಕ ಹಾಕುತ್ತೀರಾದರೆ ತಲೆ ತಗ್ಗಿಸಿ ನೆಲ ನೋಡಿದಾಗ ಮಸುಕು ಕಾಣುತ್ತದೆ. ರೈಟರ್ ಅವರು ಹೇಳಿದ ಪಾಚಿ ಆಗ ಕಾಣುವುದೇ ಇಲ್ಲ. ಗಾಡಿಗೆ ಅಂತ ದೂರದ ಕನ್ನಡಕ ಬೇರೆ ಮಾಡಿಸಿ.

ಲೈಸೆನ್ಸ್ ತೆಗೆದು ತಾರೀಖು ನೋಡಿ. 55 ದಾಟಿದ ಮೇಲೆ ಒಂದು ಸಲಕ್ಕೆ ಐದೇ ವರ್ಷ ಕೊಡುತ್ತಾರೆ. ಮುಗಿದು ಒಂದು ವರ್ಷದ ಒಳಗಾದರೆ ನವೀಕರಣ, ಅದಕ್ಕಿಂತ ಜಾಸ್ತಿ ಆದರೆ ಮತ್ತೆ ಟೆಸ್ಟ್ ಕೊಡಬೇಕು. ನವೀಕರಣಕ್ಕೆ ಡಾಕ್ಟರ ಸಹಿ ಇರುವ ಫಾರಂ 1ಎ ಬೇಕು. ಕೆಲವು ಕಡೆ ರೋಗಿಯ ಮುಖ ಕೂಡ ನೋಡದೆ ಸಹಿ ಹಾಕಿ ಕೊಡುತ್ತಾರೆ. ನೀವು ಹಾಗೆ ಮಾಡಬೇಡಿ ಸರ್, ಆ ಫಾರಂ ನೆಪದಲ್ಲಾದರೂ ಪೂರ್ತಿ ತಪಾಸಣೆ ಮಾಡಿಸಿಕೊಳ್ಳಿ.

ಬನಶಂಕರಿ ಹುಡುಗಿ

ನಾನು ನಿಮ್ಮ ಮಗನ ಜಾಗದಲ್ಲಿ ಇರುವವಳು ಅಂಕಲ್. ನಮ್ಮ ಅಪ್ಪನಿಗೆ 65. ಬೆಂಗಳೂರಿಂದ ಮೈಸೂರಿಗೆ ಅವರ ತಮ್ಮನ ಮನೆಗೆ ತಿಂಗಳಿಗೊಂದು ಸಲ ಬೈಕಲ್ಲೇ ಹೋಗುತ್ತಾರೆ. ಎರಡು ವರ್ಷ ನಾನು ಜಗಳ ಆಡಿದೆ. ಕೀ ಬಚ್ಚಿಟ್ಟಿದ್ದೇನೆ, ಅತ್ತಿದ್ದೇನೆ, ಮಾತು ಬಿಟ್ಟಿದ್ದೇನೆ.

ನಮ್ಮ ಕಡೆಯದ್ದನ್ನು ಹೇಳಿಬಿಡುತ್ತೇನೆ. ನಾವು "ವಯಸ್ಸಾಯ್ತು" ಅನ್ನುವುದು ನಿಮ್ಮನ್ನು ಮೂಲೆಗೆ ಕೂರಿಸೋಕಲ್ಲ. ಅಪ್ಪ ಹೊರಟ ದಿನ ಮೂರು ಗಂಟೆ ಫೋನ್ ಬರದೇ ಇದ್ದರೆ ಆಫೀಸಿನಲ್ಲಿ ಕೂತು ನನಗೆ ಏನೂ ಕೆಲಸ ಆಗಲ್ಲ. ಗೊತ್ತಿಲ್ಲದ ನಂಬರಿಂದ ಕಾಲ್ ಬಂದರೆ ಎದೆ ಧಸಕ್ ಅನ್ನುತ್ತದೆ. ಇದನ್ನು ಹೇಳೋಕೆ ಬರದೆ "ಕಾರಲ್ಲಿ ಹೋಗಿ" ಅಂತ ಜೋರು ಮಾಡುತ್ತೇವೆ.

ನಮ್ಮ ಮನೆಯಲ್ಲಿ ಹೇಗೆ ಸರಿಯಾಯಿತು ಅಂದರೆ, ಒಂದು ಭಾನುವಾರ ಅಪ್ಪ "ಬಾ, ಹಿಂದೆ ಕೂತು ನೋಡು, ನಿನಗೆ ಭಯ ಆದರೆ ಅವತ್ತೇ ಬಿಟ್ಟುಬಿಡ್ತೀನಿ" ಅಂದರು. ಕನಕಪುರದ ತನಕ ಹೋದೆವು. ಹಿಂದೆ ಕೂತು ಪೂರ್ತಿ ಗಮನಿಸಿದೆ. ಬಸ್ಸಿನ ಹಿಂದೆ ಎಷ್ಟು ಜಾಗ ಬಿಡುತ್ತಾರೆ, ಸಿಗ್ನಲ್ ಹಳದಿ ಆದರೆ ಏನು ಮಾಡುತ್ತಾರೆ, ಅಡ್ಡರಸ್ತೆ ಬಂದಾಗ ಬ್ರೇಕ್ ಮೇಲೆ ಬೆರಳು ಇರುತ್ತದಾ. ನನ್ನ ಆಫೀಸಿಗೆ ಬರುವ ಇಪ್ಪತ್ತೈದರ ಹುಡುಗರಿಗಿಂತ ಎಷ್ಟೋ ಮೇಲು. ಒಂದು ಮಾತ್ರ ತಪ್ಪು ಸಿಕ್ಕಿತು, ಬಲಕ್ಕೆ ತಿರುಗುವಾಗ ಹಿಂದೆ ನೋಡುತ್ತಿರಲಿಲ್ಲ. ಹೇಳಿದೆ, ತಿದ್ದಿಕೊಂಡರು.

ಈಗ ನಮ್ಮಿಬ್ಬರ ಒಪ್ಪಂದ ಇದು. ಹೊರಡುವಾಗ ವಾಟ್ಸಾಪಿನಲ್ಲಿ ಲೈವ್ ಲೊಕೇಶನ್ ಹಾಕುತ್ತಾರೆ, ನಾನು ನಡುವೆ ಫೋನ್ ಮಾಡಿ ಕಾಟ ಕೊಡಲ್ಲ. 2023ರ ಆಗಸ್ಟ್‌ನಿಂದ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಬೈಕ್ ಬಿಡಲ್ಲ ಅಲ್ವಾ, ಸರ್ವಿಸ್ ರಸ್ತೆ ಗಲಾಟೆ ಬೇಡ ಅಂತ ಕನಕಪುರ, ಮಳವಳ್ಳಿ ಮೇಲೆ ಹೋಗುತ್ತಾರೆ. ಮಳವಳ್ಳಿಯಲ್ಲಿ ನಿಲ್ಲಿಸಿ ಕಾಫಿ ಕುಡಿದು ಒಂದು ಫೋಟೋ ಕಳಿಸುತ್ತಾರೆ. ಆ ಫೋಟೋ ಬಂದರೆ ನನಗೆ ಉಸಿರು ಬರುತ್ತದೆ. ನಿಮ್ಮ ಮಗನನ್ನೂ ಒಂದು ಸಲ ಹಿಂದೆ ಕೂರಿಸಿಕೊಂಡು ಹೋಗಿ ಅಂಕಲ್. ಅವನು ಒಪ್ಪದಿದ್ದರೂ ಅವನಿಗೆ ನಿಜವಾಗಿ ಏನು ಭಯ ಅಂತ ನಿಮಗೆ ಗೊತ್ತಾಗುತ್ತದೆ.

ಟೂ ಸ್ಟ್ರೋಕ್, ಮೈಸೂರು

ಮೇಷ್ಟ್ರೇ ನಮಸ್ಕಾರ. ನಾನು ಇಲ್ಲೇ ಗ್ಯಾರೇಜ್ ಇಟ್ಟುಕೊಂಡಿರುವವನು. ನಮ್ಮಪ್ಪನೂ ಜಾವಾ ಮೆಕ್ಯಾನಿಕ್ಕೇ. ನಿಮ್ಮ ಯೆಜ್ಡಿ ಬಂದ ಅದೇ ಯಾದವಗಿರಿ ಫ್ಯಾಕ್ಟರಿಯಿಂದ 1961ರಲ್ಲಿ ಮೊದಲ ಜಾವಾ ಹೊರಗೆ ಬಂತು, 1996ಕ್ಕೆ ಫ್ಯಾಕ್ಟರಿ ಮುಚ್ಚಿತು. ಅದಾಗಿ ಇಷ್ಟು ವರ್ಷ ಆದರೂ ನನ್ನ ಹೊಟ್ಟೆ ತುಂಬುತ್ತಿರುವುದು ಆ ಗಾಡಿಗಳಿಂದ. ನಮ್ಮ ಗಿರಾಕಿಗಳಲ್ಲಿ ಅರವತ್ತು ದಾಟಿದವರೇ ಜಾಸ್ತಿ, ನೀವು ಒಬ್ಬರೇ ಅಂದುಕೊಳ್ಳಬೇಡಿ. ಜುಲೈ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ. ಈ ಸಲದ್ದು ಮುಗಿಯಿತು, ಮುಂದಿನ ವರ್ಷ ಬಂದು ನೋಡಿ, ಎಷ್ಟು ಬಿಳಿ ತಲೆ ಇರುತ್ತವೆ ಅಂತ.

ಆದರೆ ಗಾಡಿ ವಿಷಯದಲ್ಲಿ ನಿಷ್ಠುರವಾಗಿ ಹೇಳುತ್ತೇನೆ. ಹತ್ತೊಂಬತ್ತು ವರ್ಷ ನಿಂತ ಗಾಡಿಗೆ ಪೆಟ್ರೋಲ್ ಹಾಕಿ ಕಿಕ್ ಹೊಡೆಯಬೇಡಿ. ಟ್ಯಾಂಕಿನೊಳಗೆ ತುಕ್ಕು ಇದ್ದೇ ಇರುತ್ತದೆ, ಅದು ಕಾರ್ಬೊರೇಟರಿಗೆ ಇಳಿದರೆ ದಾರಿ ಮಧ್ಯೆ ನಿಲ್ಲುತ್ತದೆ. ಕ್ರ್ಯಾಂಕಿನ ಆಯಿಲ್ ಸೀಲ್ ಒಣಗಿ ಕಲ್ಲಾಗಿರುತ್ತದೆ, ಎರಡೂ ಬದಲಾಗಬೇಕು. ಕ್ಲಚ್ ಪ್ಲೇಟ್ ಅಂಟಿಕೊಂಡಿರುತ್ತವೆ. ಪಾಯಿಂಟ್, ಕಂಡೆನ್ಸರ್, ವೈರಿಂಗ್ ಎಲ್ಲ ಹೊಸದು. ಟೈರ್ ನೋಡೋಕೆ ಚೆನ್ನಾಗಿದ್ದರೂ ಬಿಸಾಕಿ. ರಬ್ಬರು ಗಟ್ಟಿಯಾಗಿರುತ್ತದೆ, ಒದ್ದೆ ರಸ್ತೆಯಲ್ಲಿ ಅದು ಹಿಡಿಯಲ್ಲ.

ಬ್ರೇಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಿಮ್ಮದು ಮುಂದೆ ಹಿಂದೆ ಎರಡೂ ಡ್ರಮ್. 1990ರ ನಂಜನಗೂಡು ರಸ್ತೆಗೆ ಅದು ಸಾಕಿತ್ತು. ಇವತ್ತು ನಿಮ್ಮ ಮುಂದೆ ಹೋಗುವ ಕಾರಿಗೆ ಡಿಸ್ಕ್, ಎಬಿಎಸ್ ಎಲ್ಲ ಇರುತ್ತದೆ, ಅದು ಟಕ್ ಅಂತ ನಿಲ್ಲುತ್ತದೆ, ನೀವು ನಿಲ್ಲಲ್ಲ. ಜೊತೆಗೆ ಟೂ ಸ್ಟ್ರೋಕ್ ಗಾಡಿಗೆ ಎಂಜಿನ್ ಹಿಡಿತ ಕಮ್ಮಿ. ಆಕ್ಸಿಲೇಟರ್ ಬಿಟ್ಟರೂ ಉರುಳುತ್ತಲೇ ಇರುತ್ತದೆ. ಚಾಮುಂಡಿ ಬೆಟ್ಟ ಇಳಿಯುವಾಗ ಪೂರ್ತಿ ಬ್ರೇಕಿನ ಮೇಲೇ ಬರಬೇಕು, ಕೆಳಗೆ ಬರುವಷ್ಟರಲ್ಲಿ ಡ್ರಮ್ ಬಿಸಿಯಾಗಿ ಲಿವರ್ ಸಡಿಲ ಆಗುತ್ತದೆ. ಹೊಸ ಲೈನರ್ ಹಾಕಿಕೊಡುತ್ತೇನೆ, ಆದರೂ ಮುಂದಿನ ಗಾಡಿಯಿಂದ ಮೊದಲು ಬಿಡುತ್ತಿದ್ದ ಜಾಗದ ಎರಡರಷ್ಟು ಬಿಡಿ.

ಅದಕ್ಕೇ ನೇರ ಯೆಜ್ಡಿ ಹತ್ತಬೇಡಿ. ರಿಪೇರಿಗೆ ಹೇಗೂ ಎರಡು ಮೂರು ತಿಂಗಳು ಬೇಕು. ಅಷ್ಟರಲ್ಲಿ ಯಾರದಾದರೂ ಸ್ಪ್ಲೆಂಡರ್ ಥರದ ಹಗುರ ಗಾಡಿ ತಗೊಂಡು ಅಭ್ಯಾಸ ಮಾಡಿ, ಅದು 110 ಕೆಜಿ ಆಸುಪಾಸು, ನಿಮ್ಮದು 140. ಬೆಳಗ್ಗೆ ಖಾಲಿ ಮೈದಾನದಲ್ಲಿ ಎಂಟರ ಆಕಾರ ಹೊಡೆಯಿರಿ, ಜೋರಾಗಿ ಬ್ರೇಕ್ ಹಿಡಿದು ನಿಲ್ಲಿಸಿ. ಅದರಲ್ಲೇ ಸಾಕು ಅನ್ನಿಸಿದರೆ ಹೊಸ ಗಾಡಿ ತಗೊಳ್ಳಿ, 2019ರ ಏಪ್ರಿಲ್‌ನಿಂದ 125 ಸಿಸಿ ಮೇಲಿನ ಎಲ್ಲ ಹೊಸ ಬೈಕಿಗೂ ಎಬಿಎಸ್ ಕಡ್ಡಾಯ. ಯೆಜ್ಡಿ ಭಾನುವಾರಕ್ಕೆ ಇರಲಿ.

ಮಂಡಿ ಬಗ್ಗೆ. ಗಾಡಿ ಮೇಲೆ ಕೂತು ಎಡಗಾಲಲ್ಲಿ ಕಿಕ್ ಹೊಡೆಯುವುದು ಬಿಡಿ. ಡಬಲ್ ಸ್ಟ್ಯಾಂಡ್ ಹಾಕಿ, ಎಡಗಡೆ ನೆಲದ ಮೇಲೆ ನಿಂತು, ಬಲಗಾಲಲ್ಲಿ ಹೊಡೆಯಿರಿ. ನಮ್ಮ ಹಳೇ ಗಿರಾಕಿಗಳು ಹಾಗೇ ಮಾಡುವುದು. ಮತ್ತೆ ಆರ್‌ಸಿ ನೋಡಿ. ಹದಿನೈದು ವರ್ಷ ಆದ ಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು, ಗಾಡಿಯನ್ನು ಆರ್‌ಟಿಒಗೆ ತಗೊಂಡು ಹೋಗಿ ತೋರಿಸಬೇಕು. ಇನ್ಶೂರೆನ್ಸ್ ಇಲ್ಲದೆ ಗೇಟಿನ ಆಚೆ ತೆಗೆಯಬೇಡಿ.

ಕೋಟೇಶ್ವರದ ಅಕ್ಕ

ನನಗೆ 57. ಗೇರ್ ಬೈಕ್ ಕಲಿತಿದ್ದು 54ಕ್ಕೆ. ಗಂಡ ತೀರಿಹೋದ ಮೇಲೆ ಅವರ ಬೈಕು ಮನೆ ಮುಂದೆ ನಿಂತಿತ್ತು, ಮಾರಿಬಿಡು ಅಂತ ಎಲ್ಲರೂ ಹೇಳಿದರು. ಮೇಷ್ಟ್ರೇ, ನಿಮಗೆ ವಯಸ್ಸಾಯಿತು ಅಂತ ಮಾತ್ರ ಹೇಳುತ್ತಾರೆ. ನನಗೆ ವಯಸ್ಸಾಯಿತು, ಹೆಂಗಸು, ಅದರ ಮೇಲೆ ಗಂಡ ಇಲ್ಲದವಳು, ಮೂರೂ ಹೇಳಿದರು. ಸೀರೆ ಬಿಟ್ಟು ಚೂಡಿದಾರ ಹಾಕಿದ್ದಕ್ಕೇ ಒಂದು ವಾರ ಮಾತಾಡಿದರು.

ಅಣ್ಣನ ಮಗ ಗದ್ದೆ ಬಯಲಿನಲ್ಲಿ, ಕೊಯ್ಲು ಆದ ಮೇಲೆ, ಸಂಜೆ ಹೊತ್ತು ಕಲಿಸಿದ. ಇಪ್ಪತ್ತು ದಿನ ಕ್ಲಚ್ ಬಿಡುವುದೇ ಬರಲಿಲ್ಲ. ಎಡಗೈ ಹೆಬ್ಬೆರಳ ಬುಡದಲ್ಲಿ ಗುಳ್ಳೆ ಎದ್ದು ಒಡೆದಿತ್ತು, ಅದಕ್ಕೆ ತೆಂಗಿನೆಣ್ಣೆ ಹಚ್ಚಿಕೊಂಡು ಮಾರನೇ ದಿನ ಮತ್ತೆ ಹೋಗುತ್ತಿದ್ದೆ. ಲೈಸೆನ್ಸ್ ಟೆಸ್ಟಿಗೆ ಹೋದಾಗ ಸಾಲಿನಲ್ಲಿ ನಿಂತ ಹುಡುಗರು "ಅಮ್ಮಾ, ಮಗನ ಜೊತೆ ಬಂದ್ರಾ" ಅಂತ ಕೇಳಿದರು. ಮೊದಲ ಸಲಕ್ಕೇ ಪಾಸಾದೆ.

ಈಗ ಬೆಳಿಗ್ಗೆ ಬಂದರಿಗೆ ಹೋಗಿ ಮೀನು ತರುತ್ತೇನೆ, ಮರವಂತೆ ತನಕ ಹೋಗುತ್ತೇನೆ. ಒಂದು ಕಡೆ ಸಮುದ್ರ, ಒಂದು ಕಡೆ ಸೌಪರ್ಣಿಕಾ ಹೊಳೆ. ಆ ರಸ್ತೆಯಲ್ಲಿ ಹೋಗುವಾಗ ಅವರ ಹಿಂದೆ ಕೂತು ಹೋಗುತ್ತಿದ್ದದ್ದು ನೆನಪಾಗುತ್ತದೆ, ಆಗ ಬರೀ ಅವರ ಬೆನ್ನು ಕಾಣುತ್ತಿತ್ತು.

ನಾನು ಬರೆದಿದ್ದು ನಿಮ್ಮ ಹೆಂಡತಿಯ ವಿಷಯಕ್ಕೆ. ನೀವು ಎಲ್ಲರ ಮಾತೂ ಬರೆದಿದ್ದೀರಿ, ಅವರ ಮೌನವನ್ನೂ ಬರೆದಿದ್ದೀರಿ. ಅವರನ್ನು ಕೇಳಿದ್ದೀರಾ? ಹೆಂಗಸರು ಸುಮ್ನೆ ಎದ್ದು ಒಳಗೆ ಹೋಗಲ್ಲ ಮೇಷ್ಟ್ರೇ. ಒಪ್ಪಿಗೆ ಕೇಳೋಕೆ ಅಂತ ಹೋಗಬೇಡಿ, ಏನು ಅಂತ ಕೇಳಿ.

ಗಣಿತದ ಮೇಷ್ಟ್ರು, ಮೈಸೂರು

ಐದು ತಿಂಗಳ ಮೇಲೆ ಬರೆಯುತ್ತಿದ್ದೇನೆ, ಕ್ಷಮಿಸಿ.

ಅಕ್ಕ, ನೀವು ಬರೆದ ಮಾರನೇ ದಿನವೇ ಕೇಳಿದೆ. ರಾತ್ರಿ ಪಾತ್ರೆ ಒರೆಸಿಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ಹಾಗೇ ಹೇಳಿದಳು. 1993ರಲ್ಲಿ ಕಡಕೊಳದ ಹತ್ತಿರ ನಾವಿಬ್ಬರೂ ಮರಳಿನ ಮೇಲೆ ಜಾರಿ ಬಿದ್ದಿದ್ದೆವು. ನನಗೆ ಅದು ಮೊಣಕೈ ತರಚಿದ ನೆನಪು ಅಷ್ಟೆ. ಅವಳ ಮಡಿಲಲ್ಲಿ ಮಗ ಇದ್ದ, ಏಳು ತಿಂಗಳ ಕೂಸು. ಅವಳು ಮಗುವನ್ನು ಎದೆಗೆ ಒತ್ತಿ ಹಿಡಿದು ಬೆನ್ನು ಕೊಟ್ಟು ಬಿದ್ದಿದ್ದಳು. ಮಗುವಿಗೆ ಏನೂ ಆಗಲಿಲ್ಲ, ಅದಕ್ಕೇ ನಾನು ಮರೆತೆ. ಅವಳು ಅದಾದ ಮೇಲೂ ಹದಿಮೂರು ವರ್ಷ ನನ್ನ ಹಿಂದೆ ಕೂತಿದ್ದಾಳೆ, ಪ್ರತಿ ಸಲ ಕಡಕೊಳ ದಾಟುವ ತನಕ ಕಣ್ಣು ಮುಚ್ಚಿಕೊಂಡು. ನನಗೆ ಗೊತ್ತೇ ಇರಲಿಲ್ಲ. "ನೀವು ಹೋಗಿ, ನಾನು ತಡೆಯಲ್ಲ. ಆದ್ರೆ ನನ್ನನ್ನ ಹತ್ತು ಅನ್ನಬೇಡಿ" ಅಂದಳು. ಅವತ್ತು ನನಗೆ ನಿದ್ದೆ ಬರಲಿಲ್ಲ. ಒಂದು ವಾರ ಗಾಡಿ ಮಾತೇ ಎತ್ತಲಿಲ್ಲ. ಆಮೇಲೆ ಅವಳೇ "ಕಣ್ಣಿನ ಆಪರೇಷನ್‌ಗೆ ದಿನ ನೋಡಿದ್ರಾ" ಅಂತ ಕೇಳಿದಳು.

ಆಪರೇಷನ್ ಸೆಪ್ಟೆಂಬರಿನಲ್ಲಿ ಆಯಿತು, ಕಣ್ಣು ಚೆನ್ನಾಗಿದೆ. ದೂರದ ಕನ್ನಡಕ ಬೇರೆ ಮಾಡಿಸಿದೆ. ಒಂದೇ ಕಾಲಲ್ಲಿ ನಿಲ್ಲುವುದು ಮೊದಲ ದಿನ ನಾಲ್ಕು ಸೆಕೆಂಡ್ ಆಗಿತ್ತು, ಈಗ ಎಡಗಾಲಲ್ಲೂ ಹದಿನೈದು. ಅಳಿಯನ ಸ್ಪ್ಲೆಂಡರಿನಲ್ಲಿ ಆರು ವಾರ ಅಭ್ಯಾಸ ಮಾಡಿದೆ. ದೀಪಾವಳಿಗೆ ಮಗ ಬಂದಾಗ ಹಿಂದೆ ಕೂರಿಸಿಕೊಂಡು ಹೊರವರ್ತುಲ ರಸ್ತೆಯಲ್ಲಿ ಒಂದು ಸುತ್ತು ಹೋದೆ. ಇಳಿದು "ಹಂಪ್ ಹತ್ರ ಇನ್ನೂ ನಿಧಾನ ಮಾಡಿ ಅಪ್ಪ" ಅಂದ, ಅಷ್ಟೇ. ಮಾರನೇ ದಿನ ಹೊಸ ಹೆಲ್ಮೆಟ್ ತಂದುಕೊಟ್ಟ. ದಾವಣಗೆರೆಯವರೇ, ಸಂಜೆ ಐದರ ಮೇಲೆ ಗಾಡಿ ಮುಟ್ಟುವುದಿಲ್ಲ ಅಂತ ಮನೆಯಲ್ಲಿ ಮಾತು ಕೊಟ್ಟಿದ್ದೇನೆ, ಅದು ನಿಮ್ಮ ಮಾವನವರ ವಿಷಯ ಓದಿ.

ಯೆಜ್ಡಿ ಹೋದ ವಾರ ಸಿಕ್ಕಿತು. ಎಡಗಡೆ ನಿಂತು ಬಲಗಾಲಲ್ಲಿ ಹೊಡೆದೆ, ನಾಲ್ಕನೇ ಕಿಕ್ಕಿಗೆ ಹತ್ತಿತು. ಆ ಸದ್ದಿಗೆ ಎದುರುಮನೆಯವರು ಗೇಟಿಗೆ ಬಂದು ನಿಂತರು. ಏನೂ ಹೇಳಲಿಲ್ಲ, ಹತ್ತು ನಿಮಿಷ ನೋಡಿ ಒಳಗೆ ಹೋದರು.

ಈ ಭಾನುವಾರ ನಂಜನಗೂಡು. ಅವಳು ಬೆಳಗಿನ ರೈಲಿನಲ್ಲಿ ಬರುತ್ತಾಳೆ, ನಾನು ಗಾಡಿಯಲ್ಲಿ. ಶ್ರೀಕಂಠೇಶ್ವರನ ಗೋಪುರದ ಎದುರು ಸಿಗುವುದು ಅಂತ ಮಾತಾಗಿದೆ. ಕಡಕೊಳ ದಾಟಿದ ಕೂಡಲೇ ನಿಲ್ಲಿಸಿ ಫೋನ್ ಮಾಡಬೇಕಂತೆ.

ಟೂ ಸ್ಟ್ರೋಕ್ ಅವರೇ, ಒಂದು ಅನುಮಾನ. ನಾಲ್ಕು ದಿನದಿಂದ ಬಿಳಿ ಹೊಗೆ ಜಾಸ್ತಿ ಬರುತ್ತಿದೆ. ಪೆಟ್ರೋಲಿಗೆ ಲೀಟರಿಗೆ 40 ಎಂಎಲ್ ಆಯಿಲ್ಲೇ ಹಾಕುತ್ತಿದ್ದೇನೆ. ಎಡಗಡೆ ಸೈಲೆನ್ಸರಿಂದ ಕಪ್ಪಗೆ ಎಣ್ಣೆಯೂ ತೊಟ್ಟಿಕ್ಕುತ್ತದೆ. ಭಾನುವಾರ ಹೋಗಬಹುದಾ?

ಟೂ ಸ್ಟ್ರೋಕ್, ಮೈಸೂರು

ಗೇರ್ ಆಯಿಲ್ ಮಟ್ಟ ನೋಡಿ ಮೇಷ್ಟ್ರೇ. ಇಳಿದಿದ್ದರೆ ಕ್ಲಚ್ ಕಡೆಯ ಸೀಲ್ ಸರಿ ಕೂತಿಲ್ಲ, ಎಂಜಿನ್ನು ಗೇರ್ ಆಯಿಲ್ ಎಳೆದು ಸುಡುತ್ತಿದೆ ಅಂತ ಅರ್ಥ, ಅದು ನನ್ನ ಕೆಲಸದ ತಪ್ಪು, ದುಡ್ಡು ಬೇಡ. ಇಳಿದಿಲ್ಲ ಅಂದರೆ ಸೈಲೆನ್ಸರಿನಲ್ಲಿ ಹಳೇ ಕರಿ ಉಳಿದಿದೆ, ಬಿಚ್ಚಿ ಸುಟ್ಟು ತೆಗೆಯಬೇಕು. ಎರಡರಲ್ಲಿ ಯಾವುದೇ ಆಗಿರಲಿ, ಶುಕ್ರವಾರ ಬೆಳಗ್ಗೆ ತನ್ನಿ, ಶನಿವಾರ ಸಂಜೆಗೆ ಕೊಡುತ್ತೇನೆ. ಅಮ್ಮನಿಗೆ ರೈಲು ಟಿಕೆಟ್ ತಗೊಳ್ಳೋಕೆ ಹೇಳಿ.